ಬೆನ್ನುಮೂಳೆ ಇರೋರಿಗೆ ಈ ರಸ್ತೆಯಲ್ಲ

ಪಕ್ಕದ ಮನೆ ಹುಡುಗನಿಗೆ ನಾಳೆ ವಿಜ್ಞಾನದ ಟೆಸ್ಟ್. "ಅಂಕಲ್, ಕಶೇರುಕ, ಅಕಶೇರುಕ ವ್ಯತ್ಯಾಸ ಹೇಳಿ" ಅಂತ ಬಂದ. ಬೆನ್ನುಮೂಳೆ ಇದ್ದರೆ ಕಶೇರುಕ, ಇಲ್ಲದಿದ್ದರೆ ಅಕಶೇರುಕ, ಅಷ್ಟೇ ಕಣೋ ಅಂದೆ. "ನಾವು?" ಅಂದ. ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸುವವರು ಸದ್ಯಕ್ಕೆ ಕಶೇರುಕರು, ಮಳೆಗಾಲ ಮುಗಿದ ಮೇಲೆ ಇನ್ನೊಂದ್ಸಲ ಕೇಳು ಅಂದೆ.

ಹುಟ್ಟುವಾಗ ನಮ್ಮ ಬೆನ್ನಿನಲ್ಲಿ 33 ಮೂಳೆಮಣಿ. ದೊಡ್ಡವರಾಗುವಷ್ಟರಲ್ಲಿ ಕೆಳಗಿನವು ಬೆಸೆದು 26 ಆಗುತ್ತವೆ. ನಡುನಡುವೆ ಮೆತ್ತನೆಯ ಡಿಸ್ಕ್, ಅದೇ ಶಾಕ್ ಅಬ್ಸಾರ್ಬರ್. ಇದನ್ನು ಮಾಡಿದವನು ಬೆಂಗಳೂರು ನೋಡಿರಲಿಲ್ಲ ಬಿಡಿ. ಬಣ್ಣ ಬಳಿಯದ ಹಂಪ್ ಹಾರಿ, ಅದರ ಹಿಂದೆಯೇ ಕಾಯುತ್ತಿರುವ ಗುಂಡಿಗೆ ಇಳಿದು, ಕೇಬಲ್‌ನವರು ಅಗೆದು ಅರ್ಧಂಬರ್ಧ ಮುಚ್ಚಿದ ಕಡೆ ಕುಣಿದು ಆಫೀಸು ಸೇರುವಾಗ ಮಣಿ ಎಷ್ಟು ಉಳಿದಿವೆ ಅಂತ ಎಣಿಸಿಕೊಳ್ಳಬೇಕು.

ಅಕಶೇರುಕಗಳಿಗೆ ಈ ತಾಪತ್ರಯವೇ ಇಲ್ಲ. ಪ್ರಾಣಿ ಜಾತಿಗಳಲ್ಲಿ 100ಕ್ಕೆ 95ಕ್ಕಿಂತ ಜಾಸ್ತಿ ಅವೇ, ಸುಮ್ನೆ ಅಲ್ಲ. ಜಿರಳೆಗೆ ಗಟ್ಟಿ ಕವಚ ಮೈ ಹೊರಗೇ ಇದೆ, ಹೆಲ್ಮೆಟ್ ಖರ್ಚು ಉಳಿಯಿತು. ಬಸವನಹುಳು ತಾನು ಹೋಗುವ ದಾರಿಗೆ ತಾನೇ ಲೋಳೆ ಹಾಕಿಕೊಂಡು ನುಣ್ಣಗೆ ಸಾಗುತ್ತದೆ. ಟೆಂಡರ್ ಇಲ್ಲ, ಬಿಲ್ ಇಲ್ಲ. ವೇಗ ಕಮ್ಮಿ ಅಂತೀರಾ? ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ಆಮೇಲೆ ಮಾತಾಡಿ.

ಎರೆಹುಳು ಕೂಡ ನೆಲ ಅಗೆಯುತ್ತದೆ. ಆದರೆ ಅದು ಅಗೆದ ಕಡೆ ಮಣ್ಣು ಸಡಿಲವಾಗಿ ಮಳೆನೀರು ಇಂಗುತ್ತದೆ. ನಾವು ಅಗೆದ ಕಡೆ ನೀರು ಅಲ್ಲೇ ಸೆಟಲ್ ಆಗಿಬಿಡುತ್ತದೆ, ಇನ್ನೊಂದು ವರ್ಷ ಬಿಟ್ಟರೆ ರೇಷನ್ ಕಾರ್ಡ್ ಕೇಳುತ್ತದೆ.

ನನಗೆ ತುಂಬಾ ಹಿಡಿಸಿದ್ದು ಪ್ಲನೇರಿಯಾ ಅನ್ನೋ ಚಪ್ಪಟೆ ಹುಳು. ಅದನ್ನು ಐದು ತುಂಡು ಮಾಡಿದರೆ ತಲೆ ಇಲ್ಲದ ತುಂಡಿಗೂ ಹೊಸ ತಲೆ ಬೆಳೆದು ಐದು ಪೂರ್ತಿ ಹುಳು ಆಗಬಲ್ಲದು. 2025ರಲ್ಲಿ ಬೆಂಗಳೂರಿನ ಪಾಲಿಕೆಯನ್ನೂ ಐದು ಮಾಡಿದರು. ಐದಕ್ಕೂ ತಲೆ ಬಂತು, ಬೋರ್ಡು ಬಂತು, ಕಮಿಷನರ್ ಕುರ್ಚಿಯೂ ಬಂತು. ಮೊದಲು ಗುಂಡಿ ಯಾರದು ಅಂತ ಕೇಳೋಕೆ ಒಂದು ಬಾಗಿಲಿತ್ತು. ಈಗ ಎರಡು ಪಾಲಿಕೆ ಗಡಿಯ ಮೇಲೆ ಗುಂಡಿ ಬಿದ್ದರೆ ಮೊದಲು ಸರ್ವೆಯವರನ್ನು ಕರೆಸಬೇಕೇನೋ!

ಹುಡುಗ ಎಲ್ಲ ಬರೆದುಕೊಂಡ. ಹೊರಡುವಾಗ ಬಾಗಿಲಲ್ಲಿ ನಿಂತು, "ಮಳೆ ಬಂದ್ರೆ ಎರೆಹುಳು ಮೇಲೆ ಯಾಕೆ ಬರುತ್ತೆ ಅಂಕಲ್?" ಅಂದ.

"ಈ ಸಲ ಅಗೆದಿದ್ದು ಯಾರು ಅಂತ ನೋಡೋಕೆ ಕಣೋ."