ಸೂತ್ರ ಒಂದು ಸಾಲು, ಭಾಷ್ಯ ಏಳು ಕೋಟಿ

2024ರ ಸೆಪ್ಟೆಂಬರ್ 10ರ ರಾತ್ರಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಚರ್ಚಾವೇದಿಕೆಯಲ್ಲಿ ನಿಂತ ಡೊನಾಲ್ಡ್ ಟ್ರಂಪ್ ಅವರು, ಓಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಲಸಿಗರು ಊರವರ ನಾಯಿ, ಬೆಕ್ಕುಗಳನ್ನು ತಿನ್ನುತ್ತಿದ್ದಾರೆ ಎಂದು ಸಾರಿದ್ದನ್ನು ಯಾರೂ ಮರೆತಿರಲಾರರು. ಅಂಥ ನಂಬತಕ್ಕ ದೂರು ಯಾವುದೂ ಇಲ್ಲವೆಂದು ನಗರಾಡಳಿತವೇ ತಿಳಿಸಿದೆ ಎಂದು ನಿರೂಪಕರು ಅಲ್ಲೇ ಹೇಳಿದರು. ಟಿ.ವಿ.ಯಲ್ಲಿ ಜನ ಹೇಳುತ್ತಿದ್ದಾರಲ್ಲ ಎಂದು ಟ್ರಂಪ್ ಉತ್ತರಿಸಿದರು. ನಾಯಕರ ಕೆಲಸ ಅಷ್ಟಕ್ಕೆ ಮುಗಿಯಿತು; ಮತದಾರರ ಕೆಲಸ ಅಲ್ಲಿಂದ ಶುರುವಾಯಿತು.

ಈ ದುಡಿಮೆಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ ಎಂಬುದು ನನ್ನ ಕೊರಗು. ಶಾಸ್ತ್ರಗಳ ಕಾಲದಲ್ಲಿ ಸೂತ್ರಕಾರ ಎರಡು ಪದ ಉಸುರಿ ಸುಮ್ಮನಾಗುತ್ತಿದ್ದ; ಅದರ ಅರ್ಥವೇನೆಂದು ಹೇಳಲು ಭಾಷ್ಯಕಾರ, ಭಾಷ್ಯದ ಅರ್ಥವೇನೆಂದು ಹೇಳಲು ಟೀಕಾಕಾರ, ಟೀಕೆಗೊಬ್ಬ ಟಿಪ್ಪಣಿಕಾರ ಎಂದು ತಲೆಮಾರುಗಟ್ಟಲೆ ಎಣ್ಣೆ ಸುಡುತ್ತಿದ್ದರು. ಅಮೆರಿಕದಲ್ಲಿ ಅದೇ ಕೆಲಸವನ್ನು ಸಾಮಾನ್ಯ ಮತದಾರ ಒಂದು ಡಾಲರ್ ಸಂಬಳವಿಲ್ಲದೆ ಒಂದೇ ರಾತ್ರಿಯಲ್ಲಿ ಮಾಡಿ ಮುಗಿಸುತ್ತಾನೆ. ಅದು ತಮಾಷೆಗೆ ಹೇಳಿದ್ದು ಎನ್ನುವುದು ಮೊದಲ ಭಾಷ್ಯ. ಮಾತು ಒರಟು, ಮನಸ್ಸು ಚಿನ್ನ ಎನ್ನುವುದು ಎರಡನೆಯದು. ಮಾಧ್ಯಮದವರು ತಿರುಚಿದರು, ಹಿಂದಿನವರು ಮಾಡಿರಲಿಲ್ಲವೇ, ಎಲ್ಲರೂ ಕಳ್ಳರೇ ಅಲ್ಲವೇ ಎಂಬಿವು ಉಳಿದ ಟೀಕೆ ಟಿಪ್ಪಣಿಗಳು. ನನಗೆ ಅತ್ಯಂತ ಪ್ರಿಯವಾದದ್ದು, ಒಂದೇ ಬಾಯಿಂದ ಒಂದೇ ಉಸಿರಿನಲ್ಲಿ ಬರುವ ಜೋಡಿ ಸಿದ್ಧಾಂತ: ಅವರು ಇದ್ದದ್ದನ್ನು ಇದ್ದ ಹಾಗೆ ಹೇಳುವವರು, ಆದರೆ ಅವರು ಹೇಳಿದ್ದನ್ನು ಹೇಳಿದ ಹಾಗೆ ತೆಗೆದುಕೊಳ್ಳಬಾರದು.

ಭಾಷ್ಯಕಾರರ ನಿಷ್ಠೆಯ ಬಗ್ಗೆ ಸೂತ್ರಕಾರರಿಗೆ ಎಂದೂ ಅನುಮಾನವಿರಲಿಲ್ಲ. 2016ರ ಜನವರಿಯಲ್ಲಿ, ಅಯೋವಾದ ಸಭೆಯೊಂದರಲ್ಲಿ, ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ನಡುವೆ ನಿಂತು ತಾನು ಯಾರನ್ನಾದರೂ ಗುಂಡಿಕ್ಕಿದರೂ ಒಂದು ಮತವೂ ಕೈಬಿಡುವುದಿಲ್ಲ ಎಂದು ಅವರು ಹೇಳಿದರು. ಇದನ್ನು ತಮ್ಮ ಬುದ್ಧಿಗೆ ಆದ ಅವಮಾನವೆಂದು ಎಣಿಸಿ ಎದ್ದು ಹೋಗಬಹುದಾಗಿದ್ದ ಸಭಿಕರು ಮನಸಾರೆ ನಕ್ಕರು. ಆ ವರ್ಷ ಸುಮಾರು 6 ಕೋಟಿ 30 ಲಕ್ಷ ಮತ, 2020ರಲ್ಲಿ 7 ಕೋಟಿ 42 ಲಕ್ಷ, 2024ರಲ್ಲಿ 7 ಕೋಟಿ 70 ಲಕ್ಷಕ್ಕೂ ಹೆಚ್ಚು. ನಡುವೆ 2024ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಜ್ಯೂರಿ 34 ಆರೋಪಗಳಲ್ಲೂ ಅವರನ್ನು ತಪ್ಪಿತಸ್ಥರೆಂದಿತ್ತು. ಅದಕ್ಕೂ ಮುಂಚೆ ಇನ್ನೊಂದು ಪ್ರಕರಣದಲ್ಲಿ ಅಟ್ಲಾಂಟಾದ ಜೈಲಿಗೆ ಹೋಗಿ ಶರಣಾದ ದಿನ ತೆಗೆದ ಫೋಟೊವನ್ನು ಅವರ ಪ್ರಚಾರ ತಂಡ ಕಾಫಿ ಲೋಟ, ಟೀ ಶರ್ಟುಗಳ ಮೇಲೆ ಅಚ್ಚು ಹಾಕಿಸಿ ಮಾರಿತು. ಜೊತೆಯಲ್ಲಿ ಬರೆದಿದ್ದ ಘೋಷವಾಕ್ಯ, ಎಂದಿಗೂ ಶರಣಾಗೆವು.

ಇನ್ನು ಧರ್ಮಭೀರುಗಳ ವಿಷಯ, ಇದಕ್ಕೆ ಸ್ವಲ್ಪ ಜಾಗ ಕೊಡಲೇಬೇಕು. ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದುಕೊಂಡವರು ಅಧಿಕಾರದಲ್ಲಿ ನೀತಿವಂತರಾಗಿರಬಲ್ಲರೇ ಎಂದು 2011ರಲ್ಲಿ ಪಿಆರ್‌ಆರ್‌ಐ ಎಂಬ ಸಂಶೋಧನಾ ಸಂಸ್ಥೆ ಕೇಳಿದಾಗ, ಬೈಬಲ್ಲೇ ಪರಮ ಪ್ರಮಾಣವೆನ್ನುವ ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ ಹೌದು ಎಂದವರು ಶೇ 30. ಅದೇ ಪ್ರಶ್ನೆಗೆ 2016ರಲ್ಲಿ ಶೇ 72 ಮಂದಿ ಹೌದು ಎಂದರು. ನನಗೆ ತಿಳಿದ ಮಟ್ಟಿಗೆ ಆ ಐದು ವರ್ಷಗಳಲ್ಲಿ ಬೈಬಲ್ಲಿನ ಪರಿಷ್ಕೃತ ಆವೃತ್ತಿಯೇನೂ ಸಿನಾಯ್ ಬೆಟ್ಟದಿಂದ ಇಳಿದು ಬಂದಿರಲಿಲ್ಲ. ದೇವರು ಅಪೂರ್ಣರನ್ನೂ ಬಳಸಿಕೊಳ್ಳುತ್ತಾನೆ ಎಂಬುದಕ್ಕೆ ಯೆಹೂದ್ಯರ ದೇವರನ್ನು ಅರಿಯದೆಯೂ ಅವರನ್ನು ಸೆರೆಯಿಂದ ಬಿಡಿಸಿದ ಪರ್ಷಿಯಾದ ದೊರೆ ಕೋರೆಷನ ಉದಾಹರಣೆ ಸಿಕ್ಕಿತು. ಅವನ ಮಾತು ಬರುವುದು ಬೈಬಲ್ಲಿನ ಯೆಶಾಯನ ಗ್ರಂಥದ 45ನೇ ಅಧ್ಯಾಯದಲ್ಲಿ, ಟ್ರಂಪ್ 45ನೇ ಅಧ್ಯಕ್ಷರು, ಇನ್ನೇನು ಬೇಕು? ಅವರು 47ನೆಯವರಾಗಿ ಮರಳಿ ಬಂದಾಗ ಅದೇ ಗ್ರಂಥದ 47ನೇ ಅಧ್ಯಾಯವನ್ನು ಯಾರಾದರೂ ಓದಿ ಹೇಳಿಯಾರೆಂದು ಕಾದೆ. ಅದು ಬಾಬಿಲೋನಿನ ಪತನದ ಅಧ್ಯಾಯ, ಯಾರೂ ಹೇಳಲಿಲ್ಲ.

ಇವರೆಲ್ಲ ಮೂರ್ಖರು ಎಂದು ಬರೆದರೆ ಅಂಕಣ ಬೇಗ ಮುಗಿಯುತ್ತಿತ್ತು, ಆದರೆ ಅದು ಸುಳ್ಳಾಗುತ್ತಿತ್ತು. 2022ರ ಜೂನ್‌ನಲ್ಲಿ ಆ ದೇಶದ ಹಣದುಬ್ಬರ ಶೇ 9.1ಕ್ಕೆ ಏರಿ ನಾಲ್ಕು ದಶಕಗಳ ದಾಖಲೆ ಮುರಿದಿತ್ತು. ಆಮೇಲೆ ಇಳಿದದ್ದು ಏರಿಕೆಯ ವೇಗವೇ ಹೊರತು ಏರಿದ ಬೆಲೆಯಲ್ಲ. ಅಂಕಿಅಂಶ ಹಿಡಿದು ಎಲ್ಲ ಸರಿಹೋಗಿದೆ ಎಂದು ಪಾಠ ಹೇಳಿದವರಿಗೆ ಮೊಟ್ಟೆ ಕೊಳ್ಳಲು ಹೋದವನು ಕಿವಿಗೊಡಲಿಲ್ಲ. 2016ರಲ್ಲಿ ಹಿಲರಿ ಕ್ಲಿಂಟನ್ ಅವರು ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ಹೀನಾಯರ ಬುಟ್ಟಿಗೆ ಹಾಕಿ ತೋರಿಸಿದ್ದರು. ಬುಟ್ಟಿಯಲ್ಲಿದ್ದವರು ಆ ಬೈಗುಳವನ್ನೇ ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಮತಗಟ್ಟೆಗೆ ನಡೆದರು. ಬಿರುಕು ಬಿಟ್ಟ ಗೋಡೆಗೆ ಸುತ್ತಿಗೆ ಕೊಟ್ಟವರು ಒಬ್ಬರೇ ಅಲ್ಲ.

ಆದರೂ, ಮೊಟ್ಟೆ ತುಟ್ಟಿಯಾಗಿದೆ ಎಂದು ಸಿಟ್ಟಾಗಲು ಪಕ್ಕದ ಮನೆಯವನು ಬೆಕ್ಕು ತಿಂದನೆಂದು ನಂಬಬೇಕಾಗಿರಲಿಲ್ಲ. ಟ್ರಂಪ್ ಬೊಟ್ಟುಮಾಡಿದ ಸ್ಪ್ರಿಂಗ್‌ಫೀಲ್ಡ್‌ನ ಹೈಟಿ ಮೂಲದ ವಲಸಿಗರಲ್ಲಿ ಬಹುಪಾಲು ಜನ ಕಾನೂನುಬದ್ಧವಾಗಿಯೇ ಬಂದು ದುಡಿಯುತ್ತಿದ್ದವರು. ಆ ಒಂದು ಸಾಲಿನ ಬೆನ್ನಿಗೇ ಊರಿಗೆ ಮೂವತ್ತಕ್ಕೂ ಹೆಚ್ಚು ಬಾಂಬ್ ಬೆದರಿಕೆಗಳು ಬಂದವು, ಎಲ್ಲವೂ ಹುಸಿ. ಪ್ರಾಥಮಿಕ ಶಾಲೆಗಳನ್ನು ಖಾಲಿ ಮಾಡಿಸಿದರು. ಪ್ರತಿದಿನ ಬೆಳಿಗ್ಗೆ ಪೊಲೀಸರು ಕೊಠಡಿಗಳನ್ನು ತಡಕಿದ ಮೇಲೆ ಮಕ್ಕಳು ಒಳಗೆ ಹೋಗಿ ಕೂರಬೇಕಾಯಿತು. ಆ ಕತೆಯನ್ನು ಹಬ್ಬಿಸಿದ್ದ, ಟ್ರಂಪ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜೆ.ಡಿ. ವಾನ್ಸ್ ಅವರನ್ನು ಕೇಳಿದರೆ, ಜನರ ಸಂಕಟದತ್ತ ಮಾಧ್ಯಮದ ಗಮನ ಸೆಳೆಯಲು ಕತೆಗಳನ್ನು ಸೃಷ್ಟಿಸಬೇಕಾದರೆ ಹಾಗೇ ಮಾಡುತ್ತೇನೆ ಎಂದರು. ಇದಕ್ಕೆ ನನ್ನಲ್ಲಿ ವಿಡಂಬನೆ ಇಲ್ಲ. ಏಳು ವರ್ಷದ ಮಗು ಚೀಲ ಹೊತ್ತು ಶಾಲೆಯ ಬಾಗಿಲಲ್ಲಿ ಪೊಲೀಸರಿಗಾಗಿ ಕಾಯುವುದಕ್ಕೆ ಯಾವ ಭಾಷ್ಯ ಬರೆಯುತ್ತೀರಿ? ನವೆಂಬರ್‌ನಲ್ಲಿ ಆ ಊರು ಸೇರಿದ ಕ್ಲಾರ್ಕ್ ಕೌಂಟಿ ಟ್ರಂಪ್–ವಾನ್ಸ್ ಜೋಡಿಗೇ ಬಹುಮತ ಕೊಟ್ಟಿತು.

ಆ ಬೆಕ್ಕಿನ ವಿಷಯ ಹೇಳುವುದು ಉಳಿಯಿತು. ಊರಿನ ಮಹಿಳೆಯೊಬ್ಬರು ತಮ್ಮ ಬೆಕ್ಕು ಕಾಣೆಯಾದಾಗ ಹೈಟಿಯ ನೆರೆಯವರ ಮೇಲೆ ಸಂಶಯಪಟ್ಟು ಪೊಲೀಸರಿಗೆ ದೂರು ಕೊಟ್ಟಿದ್ದರು. ಸಾಕ್ಷ್ಯ ಕೇಳಿದ ಪತ್ರಕರ್ತರಿಗೆ ವಾನ್ಸ್ ಅವರ ಕಡೆಯವರು ತೋರಿಸಿದ್ದು ಅದನ್ನೇ. ಆದರೆ ಕಾಣೆಯಾದ ಕೆಲವು ದಿನಗಳ ಬಳಿಕ ಬೆಕ್ಕು ಆಕೆಯದೇ ಮನೆಯ ನೆಲಮಾಳಿಗೆಯಲ್ಲಿ ಸುರಕ್ಷಿತವಾಗಿ ಸಿಕ್ಕಿತ್ತು. ಆಕೆಯೂ ಟ್ರಂಪ್ ಬೆಂಬಲಿಗರೇ. ಮೊಬೈಲಿನ ಅನುವಾದದ ಆ್ಯಪ್ ಹಿಡಿದು ಪಕ್ಕದ ಮನೆಯವರ ಬಳಿ ಹೋಗಿ, ಮಗಳ ನೆರವಿನಿಂದ, ತಪ್ಪಾಯಿತು ಎಂದು ಕ್ಷಮೆ ಕೇಳಿದರು.