ಮೂಕಿ ಚಿತ್ರಗಳ ವೇಗ: ಒಂದು ಸ್ಪಷ್ಟನೆ

‘ಮೂಕಿ ಚಿತ್ರಗಳಲ್ಲಿ ಜನ ಪಟಪಟನೆ ಓಡಾಡುವುದು ಆಗಿನ ಕ್ಯಾಮೆರಾಗಳ ದೋಷ’ ಎಂಬ ಮಾತು ಹಳೆ ಸಿನಿಮಾ ಪ್ರಿಯರ ನಡುವೆಯೂ ಹರಿದಾಡುತ್ತಿದೆ. ಇದು ತಪ್ಪು.

ಆಗ ಕ್ಯಾಮೆರಾವನ್ನು ಕೈಯಿಂದ ಹಿಡಿಕೆ ತಿರುಗಿಸಿ ನಡೆಸುತ್ತಿದ್ದರು. ವೇಗ ಒಂದೇ ಸಮ ಇರುತ್ತಿರಲಿಲ್ಲ. ಎಷ್ಟೋ ಚಿತ್ರಗಳು ಸೆಕೆಂಡಿಗೆ 16ರಿಂದ 20 ಫ್ರೇಮುಗಳ (ರೀಲಿನ ಬಿಡಿಬಿಡಿ ಸ್ಥಿರಚಿತ್ರಗಳ) ಆಸುಪಾಸಿನಲ್ಲಿ ತಯಾರಾದವು. 1920ರ ದಶಕದ ಕೊನೆಗೆ ಟಾಕಿ ಬಂತು. ಧ್ವನಿ ಏರುಪೇರಾಗದಿರಲು ಸ್ಥಿರ ವೇಗ ಬೇಕಾಗಿ 24 ಫ್ರೇಮು ರೂಢಿಯಾಯಿತು. ಆಮೇಲೆ ಹಳೆ ರೀಲುಗಳನ್ನೂ ಅದೇ ವೇಗದಲ್ಲಿ ಓಡಿಸಿದ್ದರಿಂದ ಈ ಅವಸರ. 16ರಲ್ಲಿ ತೆಗೆದ ಒಂದು ನಿಮಿಷದ ದೃಶ್ಯ 24ರಲ್ಲಿ 40 ಸೆಕೆಂಡಿಗೇ ಮುಗಿದುಹೋಗುತ್ತದೆ. ನಟಿಯ ಕಣ್ಣು ನಿಧಾನವಾಗಿ ತುಂಬಿಕೊಳ್ಳುವ ಕ್ಷಣ ಅಲ್ಲಿ ಬರೀ ರೆಪ್ಪೆ ಬಡಿತವಾಗಿಬಿಡುತ್ತದೆ. ಎಂಥ ಅನ್ಯಾಯ!

ಹಾಸ್ಯಚಿತ್ರಗಳಲ್ಲಿ ಬೇಕೆಂದೇ ಹಿಡಿಕೆ ನಿಧಾನಿಸಿ, ಅಂದರೆ ಸೆಕೆಂಡಿಗೆ ಕಡಿಮೆ ಫ್ರೇಮು ತೆಗೆದು, ತೆರೆಯ ಮೇಲಿನ ಓಟ ಹೆಚ್ಚಿಸುತ್ತಿದ್ದದ್ದೂ ಉಂಟು. ಅದು ಅವರ ಕೈಚಳಕ, ಅದನ್ನು ‘ತಿದ್ದಬೇಕಿಲ್ಲ’.

ಗೆಳೆಯರಿಗೆ ಮೊದಲ ಬಾರಿ ಮೂಕಿ ಚಿತ್ರ ತೋರಿಸುವವರು ದಯವಿಟ್ಟು ವೇಗ ಸರಿಪಡಿಸಿದ ಪ್ರತಿಯನ್ನೇ ಹುಡುಕಿ. ಗಂಭೀರ ದೃಶ್ಯವೊಂದರಲ್ಲಿ ಮೇಲೇಳುವ ಹೊಗೆ, ಕೆಳಗೆ ಬೀಳುವ ಟೋಪಿಯನ್ನು ಗಮನಿಸಿ; ಅವು ಸಹಜವಾಗಿ ಚಲಿಸಿದರೆ ಆ ಪ್ರತಿಯನ್ನು ನಂಬಬಹುದು.