ಹೊಂದಿಕೊಳ್ಳಬೇಕಾಗಿದ್ದು ವಲಸಿಗರು ಮಾತ್ರವೇ?

1948ರ ಅರಬ್-ಇಸ್ರೇಲ್ ಯುದ್ಧದಲ್ಲಿ ಇಸ್ರೇಲಿನ ಪಾಲ್ಮಾಕ್ ಎಂಬ ಆಯ್ದ ಪಡೆಗೆ ಹಾಕಿದ ಹೊಸ ಯಹೂದಿ ವಲಸಿಗರು ಅಲ್ಲಿ ಬೆರೆಯಲಿಲ್ಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ತಪ್ಪೆಲ್ಲ ಅವರದೇ ಅನ್ನೋ ಹಾಗಿದೆ! ಪಾಲ್ಮಾಕ್ ಶುರುವಾಗಿದ್ದು 1941ರಲ್ಲಿ. ಆ ಪಡೆಯ ಹುಡುಗರು ಎಲ್ಲರೂ ಕೂಡಿ ದುಡಿದು ಬದುಕುವ ಊರುಗಳಾದ ಕಿಬ್ಬುತ್ಸ್‌ಗಳಲ್ಲಿ ಹೊಲದ ಕೆಲಸ, ತರಬೇತಿ, ಊಟ, ಹಾಡು ಎಲ್ಲವನ್ನೂ ವರ್ಷಗಟ್ಟಲೆ ಒಟ್ಟಿಗೇ ಮಾಡಿದವರು. ಅಂಥವರ ನಡುವೆ, ನಾಜಿ ಶಿಬಿರದಿಂದ ಬದುಕಿ ಬಂದು, ಬ್ರಿಟಿಷರು ಸೈಪ್ರಸ್‌ನಲ್ಲಿ ಕೂಡಿಹಾಕಿದ್ದ, ಯುರೋಪಿನ ಯಹೂದಿಗಳ ಮಾತಾದ ಯಿಡ್ಡಿಷ್ ಬಿಟ್ಟರೆ ಹೀಬ್ರೂ ಸರಿಯಾಗಿ ಬಾರದ ಒಬ್ಬನಿಗೆ ಅವಸರದ ತರಬೇತಿ ಕೊಟ್ಟು ಬಂದೂಕು ಹಿಡಿಸಿದರೆ ಒಂದೇ ವಾರದಲ್ಲಿ ಗೆಳೆಯನಾಗಿಬಿಡ್ತಾನಾ? ಹಳಬರೇ ಅವರನ್ನು ದೂರ ಇಟ್ಟಿದ್ದರು ಅನ್ನೋದೂ ನಿಜ ಅಲ್ವಾ.

ನಮ್ಮ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರ್ ಪಡೆ) ತರಬೇತಿ ಕೇಂದ್ರದಲ್ಲಿ ದಕ್ಷಿಣದ ನಾಲ್ಕೈದು ಭಾಷೆಯ ಹುಡುಗರು ಒಂದಾಗುತ್ತಾರೆ, ಆದರೆ ಅದಕ್ಕೆ ತಿಂಗಳುಗಟ್ಟಲೆ ಸಮಯ ಇರುತ್ತದೆ, ತಲೆ ಮೇಲೆ ಗುಂಡು ಹಾರುತ್ತಿರಲ್ಲ. ಗೋರ್ಖಾ ರೆಜಿಮೆಂಟುಗಳಲ್ಲಂತೂ ಅಧಿಕಾರಿಗಳೇ ಜವಾನರ ಭಾಷೆ ಕಲಿಯಬೇಕು. ಪಾಲ್ಮಾಕ್ ನಾಯಕರು ಸ್ವಲ್ಪ ಯಿಡ್ಡಿಷ್ ಮಾತಾಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಇನ್ನೊಂದು ವಿಷಯ. ಅದೇ 1948ರ ಮೇ ತಿಂಗಳಲ್ಲಿ ಜೆರುಸಲೇಮ್ ದಾರಿಯಲ್ಲಿರುವ ಲಟ್ರೂನ್‌ನಲ್ಲಿ ಇಸ್ರೇಲಿನ 7ನೇ ಬ್ರಿಗೇಡ್ ಸೋತಾಗ ಅದರಲ್ಲೂ ಹೊಸ ವಲಸಿಗರಿದ್ದರು, ಸತ್ತರು ಕೂಡ. ಅವರ ಬಗ್ಗೆ ಒಂದು ಸಾಲಾದರೂ ಬರೆಯಬಹುದಿತ್ತು.